ಗಣಿತಸಾರಸಂಗ್ರಹದ ಮಹಾವೀರಾಚಾರ್ಯರು

ಭಗವಾನ್ ಮಹಾವೀರರ ಹೆಸರನ್ನೇ ಹೊತ್ತ ಗಣಿತಜ್ಞ ಮಹಾವೀರಾಚಾರ್ಯರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದವರು. ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕ್ರಿ.ಶ. 850ರ ಸುಮಾರಿಗೆ ಆಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಜಿನವಂದನೆಯಿಂದ ಗ್ರಂಥ ಆರಂಭಿಸಿ, ರಾಜನನ್ನು ಹೊಗಳಿ, ಗಣಿತವು ವ್ಯಾಪಾರ, ಸಂಗೀತ, ಅಡುಗೆ, ವೈದ್ಯ, ವಾಸ್ತು ಎಲ್ಲಕ್ಕೂ ಬೇಕೆಂದು ವಿವರಿಸುತ್ತಾರೆ. ತಮ್ಮ ತಂದೆ ತಾಯಿ, ಊರು ಕೇರಿಯ ಬಗ್ಗೆ ಒಂದು ಮಾತೂ ಇಲ್ಲ.

ಗ್ರಂಥದಲ್ಲಿ 9 ಅಧ್ಯಾಯಗಳಿವೆ. ಧಾನ್ಯದ ಅಳತೆ, ಭಿನ್ನರಾಶಿ, ತ್ರೈರಾಶಿಕ, ಬಡ್ಡಿ ಲೆಕ್ಕ ಎಲ್ಲವೂ ಸಿಗುತ್ತವೆ. ಅಂಗಡಿ ನಡೆಸುವವರಿಗೆ ಬಡ್ಡಿಯ ಭಾಗವೇ ರುಚಿಸೀತು. ಆದರೆ ಕಾಲೇಜಿನಲ್ಲಿ ಡಬಲ್ ಇಂಟಿಗ್ರಲ್ ಕಲಿಯುವ ಮಕ್ಕಳು ನೋಡಬೇಕಾದದ್ದು 8ನೆಯ ಅಧ್ಯಾಯ, ಅಗೆತದ ಲೆಕ್ಕ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಕಟ್ಟೆ, ಕಲ್ಯಾಣಿಗಳನ್ನು ಕಂಡವರಿಗೆ ಗೊತ್ತು: ಮೇಲೆ ಅಗಲ, ತಳ ಕಿರಿದು. ಇಂಥದಕ್ಕೆ ಎಷ್ಟು ನೀರು ಹಿಡಿಯುತ್ತದೆ? ಬಾಯಿ 10 ಮೊಳ ಚೌಕ, ತಳ 4 ಮೊಳ ಚೌಕ, ಆಳ 9 ಮೊಳ ಎಂದಿಟ್ಟುಕೊಳ್ಳೋಣ. ಎರಡು ಬದಿಗಳ ಸರಾಸರಿ 7; ಅದರ ವರ್ಗವನ್ನು ಆಳದಿಂದ ಗುಣಿಸಿದರೆ 441. ಇದು ಕರ್ಮಾಂತಿಕ ಫಲ. ಎರಡು ಕ್ಷೇತ್ರಗಳ ಸರಾಸರಿ 58. ಅದನ್ನು ಆಳದಿಂದ ಗುಣಿಸಿದರೆ 522. ಇದು ಔಂಡ್ರ ಫಲ. ಒಂದು ಕಡಿಮೆ, ಇನ್ನೊಂದು ಹೆಚ್ಚು. ಇವೆರಡರ ವ್ಯತ್ಯಾಸ 81. ಅದರ ಮೂರನೇ ಒಂದು ಭಾಗ 27 ಅನ್ನು ಮೊದಲನೆಯದಕ್ಕೆ ಕೂಡಿಸಿದರೆ 468 ಘನ ಮೊಳ. ಇದೇ ಸೂಕ್ಷ್ಮ ಫಲ.

ಇಂದಿನ ವಿದ್ಯಾರ್ಥಿ ಕಟ್ಟೆಯ ಬಾಯಿಯನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನು ಅದರ ಕೆಳಗಿನ ಆಳದಿಂದ ಗುಣಿಸಿ, ಎಲ್ಲವನ್ನೂ ಕೂಡಿಸುತ್ತಾನೆ. ಚೌಕಗಳು ಕಿರಿದಾಗುತ್ತಾ ಹೋದಾಗ ಸಿಗುವ ಮೊತ್ತವೇ ಡಬಲ್ ಇಂಟಿಗ್ರಲ್. ಉತ್ತರ ಅದೇ 468. ಈ ನಿಯಮ ಆಚಾರ್ಯರಿಗಿಂತ ಮೊದಲೇ ಬ್ರಹ್ಮಗುಪ್ತನಲ್ಲೂ ಇದೆ.

ಹಾಗೆಂದು ಕ್ಯಾಲ್ಕುಲಸ್ ನಮ್ಮ ಆಚಾರ್ಯರೇ ಕಂಡುಹಿಡಿದರು ಎನ್ನುವುದು ಸರಿಯಲ್ಲ. ಸತ್ಯವ್ರತ ಹೇಳುವ ನಾವು ಇದರಲ್ಲಿ ಜಾಗ್ರತೆಯಾಗಿರಬೇಕು. ಮೊಟ್ಟೆಯಾಕಾರದ ಆಯತವೃತ್ತದ ಕ್ಷೇತ್ರಫಲಕ್ಕೆ ಅವರು ಕೊಟ್ಟ ನಿಯಮ ನಿಖರವಲ್ಲ. ವೃತ್ತಕ್ಕೆ ವ್ಯವಹಾರದ ಲೆಕ್ಕದಲ್ಲಿ 3, ಸೂಕ್ಷ್ಮ ಲೆಕ್ಕದಲ್ಲಿ 10ರ ವರ್ಗಮೂಲ ಬಳಸಿದರು. ಯಾವುದು ಒರಟು, ಯಾವುದು ಸೂಕ್ಷ್ಮ ಎಂದು ಬೇರೆ ಬೇರೆಯಾಗಿ ಹೇಳಿದ್ದು ಅವರ ದೊಡ್ಡತನ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದೂ ಸ್ಪಷ್ಟವಾಗಿ ಹೇಳಿದರು.

ತುಂಡು ಮಾಡಿ ಕೂಡಿಸುವ ದಾರಿಗೆ ಇನ್ನೂ ಹತ್ತಿರ ಬಂದವರು ಅವರಿಗಿಂತ ಮುಂಚಿನ ವೀರಸೇನಾಚಾರ್ಯರು. ಧವಲಾ ಟೀಕೆಯಲ್ಲಿ ಲೋಕದ ಪ್ರಮಾಣ ಹೇಳುವಾಗ, ತುದಿ ಕತ್ತರಿಸಿದ ಶಂಕುವನ್ನು ಕೊನೆಯಿಲ್ಲದಂತೆ ಒಡೆಯುತ್ತಾ ಘನಫಲ ತೆಗೆದಿದ್ದಾರೆ. ಆ ಧವಲಾದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಮೂಡುಬಿದಿರೆ.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಗಣಿತಸಾರಸಂಗ್ರಹವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಮುದ್ರಿಸಿದ ಮೇಲೆ ಹೊರದೇಶದ ವಿದ್ವಾಂಸರೂ ಓದಿದರು. ಆಚಾರ್ಯರ ನಾಡಿನ ಭಾಷೆಗೆ ಮಾತ್ರ ತಡವಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದವಿರುವ ಆವೃತ್ತಿ 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು.