ಹುಳುಗಳನ್ನು ಸಾಕಿದ ವಿದುಷಿ: ಮರಿಯಾ ಸಿಬಿಲ್ಲಾ ಮೇರಿಯನ್

ನಮ್ಮ ಪ್ರಾಚೀನರು ಜೀವರಾಶಿಯನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಕ್ರಿಮಿಕೀಟಗಳಲ್ಲಿ ಹಲವು ಬೆವರು, ಕಾವುಗಳಿಂದ ತಾವಾಗಿಯೇ ಹುಟ್ಟುವುವೆಂಬುದು ಅಂದಿನ ತಿಳಿವಳಿಕೆ. ಯೂರೋಪು ಖಂಡದಲ್ಲಿಯೂ ಅರಿಸ್ಟಾಟಲನ ಕಾಲದಿಂದ ಇಂಥದೇ ನಂಬಿಕೆ ಬೇರೂರಿತ್ತು. ಕೆಸರಿನಿಂದಲೂ ಕೊಳೆತ ಪದಾರ್ಥಗಳಿಂದಲೂ ಹುಳುಗಳು ಜನಿಸುವುವೆಂದು ವಿದ್ವಾಂಸರೇ ಬರೆದಿದ್ದರು. ಇಂಥ ಕಾಲದಲ್ಲಿ ಹುಳುಗಳನ್ನು ಮನೆಯಲ್ಲಿಯೇ ಸಾಕಿ, ನಿತ್ಯವೂ ಸೊಪ್ಪು ಹಾಕಿ, ಮೊಟ್ಟೆಯಿಂದ ಚಿಟ್ಟೆಯವರೆಗೆ ಅವುಗಳ ಬಾಳನ್ನು ಕಣ್ಣಾರೆ ಕಂಡು ಚಿತ್ರಿಸಿದ ಮಹಿಳೆಯೊಬ್ಬಳ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸಲಾಗಿದೆ.

ಮರಿಯಾ ಸಿಬಿಲ್ಲಾ ಮೇರಿಯನ್ ಕ್ರಿ.ಶ. 1647ನೆಯ ಏಪ್ರಿಲ್ 2ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಜನಿಸಿದಳು. ತಂದೆ ಮತ್ತೇಯಸ್ ಮೇರಿಯನ್ ಪ್ರಖ್ಯಾತ ತಾಮ್ರಫಲಕ ಕೆತ್ತನೆಗಾರ, ಗ್ರಂಥಪ್ರಕಾಶಕ. ಮಗುವಿಗೆ ಮೂರು ವರ್ಷವಾಗಿದ್ದಾಗ ಆತನು ಕಾಲವಶನಾದನು. ತಾಯಿ ಪುಷ್ಪಚಿತ್ರಕಾರನಾದ ಯಾಕೋಬ್ ಮಾರೆಲ್ ಎಂಬವನನ್ನು ಮರುವಿವಾಹವಾದಳು. ಈ ಮಲತಂದೆಯೇ ಬಾಲಕಿಗೆ ಚಿತ್ರವಿದ್ಯೆಯ ಗುರುವಾದನು.

ಹದಿಮೂರನೆಯ ವಯಸ್ಸಿನಲ್ಲಿ, ಅಂದರೆ 1660ರಲ್ಲಿ, ಈಕೆ ರೇಷ್ಮೆಹುಳುಗಳನ್ನು ಸಾಕತೊಡಗಿದಳು. ಹಿಪ್ಪುನೇರಳೆ ಸೊಪ್ಪು ದೊರೆಯದಿದ್ದಾಗ ಲೆಟ್ಯೂಸ್ ಎಂಬ ಎಲೆತರಕಾರಿಯನ್ನು ಹಾಕಿ ಅವುಗಳನ್ನು ಉಳಿಸಿಕೊಳ್ಳುತ್ತಿದ್ದಳು. ರೇಷ್ಮೆಯ ಕೃಷಿ ಎಷ್ಟು ಎಚ್ಚರದ ಕೆಲಸವೆಂಬುದನ್ನು ನಮ್ಮ ಮೈಸೂರು ಸೀಮೆಯ ರೈತಾಪಿ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾದುದಿಲ್ಲ. ಸೊಪ್ಪು ಒದ್ದೆಯಾಗಿರಬಾರದು, ಬಾಡಿರಬಾರದು. ಹಿಕ್ಕೆಯನ್ನು ಹೊತ್ತುಹೊತ್ತಿಗೆ ತೆಗೆಯಬೇಕು. ಹುಳು ನಾಲ್ಕು ಸಲ ಪೊರೆ ಬಿಡುವುದನ್ನು ನಮ್ಮವರು 'ಜ್ವರ' ಎಂದು ಕರೆದು, ಆ ಸಮಯದಲ್ಲಿ ಅದನ್ನು ಮುಟ್ಟದೆ ಬಿಡುವರು. ಈ ಎಚ್ಚರವನ್ನೇ ಮರಿಯಾ ಬೇಲಿಯ, ಹಿತ್ತಿಲ ಸಾಮಾನ್ಯ ಕಂಬಳಿಹುಳುಗಳಿಗೂ ತೋರಿದಳು. ಅದು ರೇಷ್ಮೆಗಿಂತ ಕಷ್ಟವಾದ ಕಾರ್ಯ. ಒಂದೊಂದು ಹುಳುವಿಗೆ ಒಂದೊಂದು ಗಿಡವೇ ಆಹಾರ. ಆ ಗಿಡವನ್ನು ಅರಿಯದಿದ್ದರೆ ಹುಳು ಉಪವಾಸದಿಂದ ಸಾಯುವುದು. ಮೇವು ತೀರಿದಾಗ ಕೆಲವು ಹುಳುಗಳು ಒಂದನ್ನೊಂದು ತಿನ್ನುವುದನ್ನೂ ಆಕೆ ಗಮನಿಸಿದಳು. ಯಾವ ಹುಳು ಯಾವ ಎಲೆಯನ್ನು ತಿಂದಿತು, ಯಾವ ದಿನ ಕೋಶ ಕಟ್ಟಿತು, ಎಷ್ಟು ದಿನಕ್ಕೆ ರೆಕ್ಕೆ ತಳೆದು ಹೊರಬಂದಿತು ಎಂಬುದನ್ನು ಬರೆದಿಟ್ಟಳು. ಚರ್ಮಪಟದ ಸಣ್ಣ ತುಂಡುಗಳ ಮೇಲೆ ಅವುಗಳನ್ನು ಚಿತ್ರಿಸಿ, ನೀಲಿ ಕಾಗದದ ಚೌಕಟ್ಟಿನಲ್ಲಿಟ್ಟು ಜೋಪಾನ ಮಾಡಿದಳು. ಈ ಕಾಯಕ ದಶಕಗಳ ಕಾಲ ಸಾಗಿತು.

1665ರಲ್ಲಿ ಚಿತ್ರಕಾರ ಯೊಹಾನ್ ಆಂಡ್ರಿಯಾಸ್ ಗ್ರಾಫ್‌ನೊಡನೆ ಮದುವೆಯಾಗಿ, ಮುಂದೆ ನ್ಯೂರೆಂಬರ್ಗ್ ನಗರದಲ್ಲಿ ನೆಲೆಸಿದಳು. ಯೊಹಾನಾ, ಡೊರೋಥಿಯಾ ಎಂಬಿಬ್ಬರು ಹೆಣ್ಣುಮಕ್ಕಳಾದರು. ಮನೆವಾರ್ತೆಯ ನಡುವೆಯೇ ಹುಳುಗಳ ಪೋಷಣೆ ನಡೆಯಿತು. 1679ರಲ್ಲಿ ಕಂಬಳಿಹುಳುಗಳ ರೂಪಾಂತರವನ್ನು ಕುರಿತ ಆಕೆಯ ಗ್ರಂಥದ ಮೊದಲ ಭಾಗವೂ 1683ರಲ್ಲಿ ಎರಡನೆಯ ಭಾಗವೂ ತಲಾ 50 ಚಿತ್ರಫಲಕಗಳೊಡನೆ ಹೊರಬಂದವು. ವಿದ್ವಾಂಸರ ಭಾಷೆಯಾದ ಲ್ಯಾಟಿನ್ನಿನಲ್ಲಿ ಬರೆಯದೆ, ಜನರ ನುಡಿಯಾದ ಜರ್ಮನ್ನಿನಲ್ಲಿ ಬರೆದಳು. ಹುಳು, ಕೋಶ, ಚಿಟ್ಟೆ, ಹಲವೆಡೆ ಮೊಟ್ಟೆ, ಇವೆಲ್ಲವನ್ನೂ ಅವು ಆಶ್ರಯಿಸಿದ ಗಿಡದೊಡನೆ ಒಂದೇ ಫಲಕದಲ್ಲಿ ತೋರಿಸಿದ್ದು ಆ ಗ್ರಂಥದ ಹೆಗ್ಗಳಿಕೆ. ಕೊಳೆತ ಮಾಂಸದಲ್ಲಿ ಹುಳುಗಳು ತಾವಾಗಿ ಹುಟ್ಟವೆಂಬುದನ್ನು ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲಿ ಪ್ರಯೋಗಮುಖದಿಂದ ಸಾಧಿಸಿದ್ದನು. ಮರಿಯಾಳ ಫಲಕಗಳು ಕೀಟಜೀವನದ ಕ್ರಮವನ್ನೇ ಸಾಮಾನ್ಯರ ಕಣ್ಣೆದುರು ನಿಲ್ಲಿಸಿದವು.

ಇಲ್ಲಿ ಒಂದು ವಿಷಯ ಮನನೀಯವಾಗಿದೆ. ಕೆಲವೊಮ್ಮೆ ಆಕೆ ಸಾಕಿದ ಕೋಶದಿಂದ ಚಿಟ್ಟೆಗೆ ಬದಲಾಗಿ ನೊಣಗಳೋ ಸಣ್ಣ ಕಣಜಗಳೋ ಹೊರಬರುತ್ತಿದ್ದವು. ಇದೇಕೆಂದು ಆಕೆಗೆ ಪೂರ್ಣವಾಗಿ ತಿಳಿಯಲಿಲ್ಲ. ಆದರೂ ಕಂಡದ್ದನ್ನು ಮರೆಮಾಚದೆ ಬರೆದಳು, ಚಿತ್ರಿಸಿದಳು. ಜೀವಂತ ಹುಳುವಿನ ಮೈಯಲ್ಲಿ ಅನ್ಯಕೀಟವು ಮೊಟ್ಟೆಯಿಡುವುದೆಂಬ ಕಾರಣವನ್ನು ಮುಂದಿನವರು ಸ್ಥಾಪಿಸಿದರು. ಕಣಜದ ಗೂಡಿನಲ್ಲಿ ಸೆರೆಯಾದ ಹುಳು ಕಣಜವನ್ನೇ ಧ್ಯಾನಿಸಿ ಕಣಜವಾಗುವುದೆಂಬ ಕೀಟಭ್ರಮರನ್ಯಾಯ ನಮ್ಮ ಶಾಸ್ತ್ರಗಳಲ್ಲಿ ಸುಪ್ರಸಿದ್ಧ. ಗೂಡಿನೊಳಗೆ ನಡೆಯುವುದು ಬೇರೆ: ಕಣಜವಿಟ್ಟ ಮೊಟ್ಟೆಯಿಂದ ಬಂದ ಮರಿ ಆ ಹುಳುವನ್ನು ತಿಂದು ಬೆಳೆಯುತ್ತದೆ. ಇದರಿಂದ ನ್ಯಾಯದ ಬೆಲೆ ಕುಂದುವುದಿಲ್ಲ. ಭಕ್ತನು ಭಾವಿಸಿದಂತೆ ಆಗುವನೆಂಬ ತತ್ತ್ವಕ್ಕೆ ಅದು ದೃಷ್ಟಾಂತ. ಕೀಟದ ವಿಷಯದಲ್ಲಿ ಪ್ರಮಾಣವಾದುದು ಪ್ರತ್ಯಕ್ಷವೇ. ಈ ಎರಡನ್ನೂ ಅವುಗಳ ಸ್ಥಾನದಲ್ಲಿಟ್ಟು ಬೋಧಿಸುವುದು ಅಧ್ಯಾಪಕನ ಧರ್ಮ.

ಸುಮಾರು 1685ರಲ್ಲಿ ಆಕೆ ಪತಿಯನ್ನಗಲಿ, ತಾಯಿ ಮತ್ತು ಮಕ್ಕಳೊಡನೆ ಹಾಲೆಂಡಿನ ಫ್ರೀಸ್‌ಲ್ಯಾಂಡ್ ಪ್ರಾಂತದಲ್ಲಿದ್ದ ಲಬಾಡಿಸ್ಟರೆಂಬ ವಿರಕ್ತ ಕ್ರೈಸ್ತ ಸಮುದಾಯವನ್ನು ಸೇರಿದಳು. ತಾಯಿಯ ಮರಣಾನಂತರ 1691ರಲ್ಲಿ ಆಮ್‌ಸ್ಟರ್‌ಡಾಮಿಗೆ ಬಂದಳು. ಅಲ್ಲಿಯ ಶ್ರೀಮಂತರ ಸಂಗ್ರಹಗಳಲ್ಲಿ ದೂರದೇಶದ ಚಿಟ್ಟೆಗಳು ಸೂಜಿಯ ಮೊನೆಯಲ್ಲಿ ನಿಂತಿದ್ದವು. ಅವು ಯಾವ ಹುಳುವಿನಿಂದ ಬಂದವು, ಏನನ್ನು ತಿಂದವು ಎಂಬುದನ್ನು ಹೇಳುವವರಿರಲಿಲ್ಲ. ಆಕೆ ತನ್ನ 255 ಚಿತ್ರಗಳನ್ನು ಮಾರಿ, 1699ರಲ್ಲಿ, ತನ್ನ 52ನೆಯ ವಯಸ್ಸಿನಲ್ಲಿ, ಕಿರಿಯ ಮಗಳೊಡನೆ ದಕ್ಷಿಣ ಅಮೆರಿಕದ ಡಚ್ಚರ ವಸಾಹತಾದ ಸುರಿನಾಮಿಗೆ ಹಡಗೇರಿದಳು. ಅಲ್ಲಿಯ ತೋಟದೊಡೆಯರು ಸಕ್ಕರೆಯ ಹೊರತು ಬೇರೇನನ್ನೋ ಅರಸುವ ಈಕೆಯನ್ನು ಕಂಡು ನಕ್ಕರು. ಎರಡು ವರ್ಷಗಳೊಳಗೆ ರೋಗಪೀಡಿತಳಾಗಿ 1701ರಲ್ಲಿ ಹಿಂದಿರುಗಿದಳು.

1705ರಲ್ಲಿ 60 ಫಲಕಗಳೊಡನೆ ಪ್ರಕಟವಾದ ಸುರಿನಾಮಿನ ಕೀಟಗಳ ಗ್ರಂಥ ಆಕೆಯ ಕೀರ್ತಿಗೆ ಕಲಶವಾಯಿತು. ಆ ಕಾರ್ಯದಲ್ಲಿ ಅಲ್ಲಿಯ ಮೂಲನಿವಾಸಿಗಳೂ ಆಫ್ರಿಕದಿಂದ ತಂದ ದಾಸರೂ ಕಾಡು ಕಡಿದು ದಾರಿ ಮಾಡಿದರು, ಹುಳುಗಳನ್ನು ತಂದುಕೊಟ್ಟರು, ಗಿಡಗಳ ಗುಣವನ್ನು ತಿಳಿಸಿದರು. ಅವರ ಹೆಸರುಗಳು ಗ್ರಂಥದಲ್ಲಿಲ್ಲ. ಆದರೆ ನಮ್ಮಲ್ಲಿ ರತ್ನಗಂಧಿ ಎಂದು ಕರೆಯುವ ಹೂಗಿಡದ ಫಲಕದ ಬಳಿ ಆಕೆ ಒಂದು ಕಠೋರಸತ್ಯವನ್ನು ದಾಖಲಿಸಿದಳು: ಒಡೆಯರ ಹಿಂಸೆಗೆ ನೊಂದ ದಾಸಿಯರು, ತಮ್ಮ ಮಕ್ಕಳು ದಾಸ್ಯದಲ್ಲಿ ಹುಟ್ಟದಿರಲೆಂದು ಈ ಗಿಡದ ಬೀಜಗಳಿಂದ ಗರ್ಭಪಾತ ಮಾಡಿಕೊಳ್ಳುತ್ತಿದ್ದರು.

1717ನೆಯ ಜನವರಿ 13ರಂದು ಆಮ್‌ಸ್ಟರ್‌ಡಾಮಿನಲ್ಲಿ ಆಕೆ ದೇಹವನ್ನು ಬಿಟ್ಟಳು. ಅದೇ ವರ್ಷ ಮಗಳು ಡೊರೋಥಿಯಾ ಕಂಬಳಿಹುಳುಗಳ ಗ್ರಂಥದ ಮೂರನೆಯ ಭಾಗವನ್ನು ಪ್ರಕಟಿಸಿದಳು. ಲಿನೇಯಸ್ ಪಂಡಿತನು ಹಲವು ಕೀಟಗಳಿಗೆ ಹೆಸರಿಡುವಾಗ ಆಕೆಯ ಚಿತ್ರಗಳನ್ನು ಆಧರಿಸಿದನು. ಹಕ್ಕಿಯನ್ನು ತಿನ್ನುವ ಜೇಡದ ಚಿತ್ರವನ್ನು ಮುಂದಿನ ಶತಮಾನದಲ್ಲಿ ಕೆಲವರು ಕಟ್ಟುಕತೆಯೆಂದು ಹಳಿದರು; ಅಮೆಜಾನ್ ಕಾಡಿನಲ್ಲಿ ಅಂಥ ಜೇಡವನ್ನು ಹೆನ್ರಿ ಬೇಟ್ಸ್ ಕಣ್ಣಾರೆ ಕಂಡು 1863ರಲ್ಲಿ ಬರೆದಾಗ ಆ ಅಪವಾದ ನೀಗಿತು. 1990ರ ದಶಕದಲ್ಲಿ ಜರ್ಮನಿಯ 500 ಮಾರ್ಕಿನ ನೋಟಿನ ಮೇಲೆ ಆಕೆಯ ಭಾವಚಿತ್ರ ಅಚ್ಚಾಯಿತು. 2002ರಲ್ಲಿ ಯೂರೊ ಬಂದು ಆ ನಾಣ್ಯಪದ್ಧತಿ ನಿಂತಿತು.

ಶಾಲೆಗೆ ಕಟ್ಟಡವನ್ನೂ ಉಪಕರಣವನ್ನೂ ಒದಗಿಸುವ ದಾನಿಗಳ ಔದಾರ್ಯ ಸ್ಮರಣೀಯ. ಅದರೊಡನೆ, ಯಾವ ವೆಚ್ಚವೂ ಇಲ್ಲದ ಒಂದು ಪಾಠವುಂಟು. ಶಿವಪೂಜೆಗೆ ಹೂ ಕೊಡುವ ಎಕ್ಕದ ಗಿಡದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಹುಳುವೊಂದು ಬೆಳೆಯುತ್ತದೆ. ಅಮೆರಿಕದ ಪ್ರಸಿದ್ಧ ಮೊನಾರ್ಕ್ ಚಿಟ್ಟೆಗೆ ಅದು ಹತ್ತಿರದ ಬಂಧು. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಂಡು, ಹುಳುವನ್ನು ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು, ದಿನವೂ ಹೊಸ ಎಲೆ ಹಾಕಿ, ಕಂಡದ್ದನ್ನು ತಾರೀಖಿನೊಡನೆ ಬರೆಯುವಂತೆ ಮಕ್ಕಳಿಗೆ ಹೇಳಬೇಕು. ಕೆಲವೇ ವಾರಗಳಲ್ಲಿ ಕಿತ್ತಳೆ ಬಣ್ಣದ ಚಿಟ್ಟೆ ಹೊರಬರಬಹುದು. ನೊಣವೇ ಬಂದರೂ ಬರಬಹುದು. ಯಾವುದು ಬಂದರೂ ಅದನ್ನೇ ಬರೆಯುವ ಸತ್ಯನಿಷ್ಠೆ ನಮ್ಮ ವಿದ್ಯಾರ್ಥಿಗಳಲ್ಲಿ ನೆಲೆಗೊಳ್ಳಲೆಂದು ಶ್ರೀಗುರುವಿನಲ್ಲಿ ಪ್ರಾರ್ಥಿಸುತ್ತೇನೆ.