ಪಾಚಿಯ ಬೂದಿಯಲ್ಲಿ ಅಯೋಡಿನ್ ಕಂಡವನು

ಒಲೆಯ ಬೂದಿ ತಿಪ್ಪೆಗೆ ಸೇರಿದರೆ ಪೈರಿಗೆ ಪೊಟ್ಯಾಷ್ ಸಿಗುವುದನ್ನು ನೀವು ಬಲ್ಲಿರಿ. ಅಂಥ ಬೂದಿಯಲ್ಲೇ ಮನುಷ್ಯನಿಗೆ ಬೇಕಾದ ಇನ್ನೊಂದು ವಸ್ತುವನ್ನು ಕಂಡವನು ಫ್ರಾನ್ಸ್ ದೇಶದ ಬರ್ನಾರ್ ಕೂರ್ತ್ವಾ.

ಈತ ಹುಟ್ಟಿದ್ದು 1777ರಲ್ಲಿ, ದಿಜೋನ್ ಪಟ್ಟಣದಲ್ಲಿ. ತಂದೆಯದು ಪೆಟ್ಲುಪ್ಪು ತಯಾರಿಸುವ ಕಸುಬು. ಮಗ ಔಷಧಶಾಸ್ತ್ರ ಕಲಿತು, ಸೈನ್ಯದ ಆಸ್ಪತ್ರೆಗಳಲ್ಲಿ ದುಡಿದು, ಕೊನೆಗೆ ಪ್ಯಾರಿಸ್ಸಿನಲ್ಲಿ ಅದೇ ಕಸುಬಿಗೆ ಬಂದ. ಅದು ನೆಪೋಲಿಯನ್ನನ ಯುದ್ಧಗಳ ಕಾಲ. ತೋಪಿನ ಮದ್ದಿಗೆ ಪೆಟ್ಲುಪ್ಪು ಬೇಕು, ಪೆಟ್ಲುಪ್ಪಿಗೆ ಬೂದಿ ಬೇಕು. ಕಟ್ಟಿಗೆಯ ಬೂದಿ ಸಾಲದೆ ಸಮುದ್ರದ ಪಾಚಿ ಸುಟ್ಟ ಬೂದಿಯನ್ನು ತರಿಸಿದರು. 1811ರಲ್ಲಿ ಒಮ್ಮೆ, ಲವಣ ತೆಗೆದು ಉಳಿದ ಬೂದಿನೀರಿಗೆ ಗಂಧಕಾಮ್ಲ ಹೆಚ್ಚಾಗಿ ಬಿದ್ದು ನೇರಳೆ ಬಣ್ಣದ ಹೊಗೆ ಎದ್ದಿತು. ಆರಿದಾಗ ಅದು ಕಪ್ಪು ಹರಳಾಯಿತು. ಅದೇ ಅಯೋಡಿನ್.

ಸಂಶೋಧನೆ ಮುಂದುವರಿಸಲು ಕೂರ್ತ್ವಾನ ಬಳಿ ಹಣವಿರಲಿಲ್ಲ. ಹರಳುಗಳನ್ನು ಬೇರೆ ವಿಜ್ಞಾನಿಗಳಿಗೆ ಕೊಟ್ಟುಬಿಟ್ಟ. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೇ ಗಳಗಂಡಕ್ಕೆ ಅಯೋಡಿನ್ನನ್ನೇ ಔಷಧವಾಗಿ ಕೊಟ್ಟ. ಯುದ್ಧ ಮುಗಿದ ಮೇಲೆ ಪೆಟ್ಲುಪ್ಪಿನ ವ್ಯಾಪಾರ ಬಿದ್ದುಹೋಯಿತು. 1831ರಲ್ಲಿ ವಿಜ್ಞಾನ ಅಕಾಡೆಮಿ 6,000 ಫ್ರಾಂಕ್ ಬಹುಮಾನ ಕೊಟ್ಟರೂ 1838ರಲ್ಲಿ ಕೂರ್ತ್ವಾ ಬಡವನಾಗಿಯೇ ತೀರಿಕೊಂಡ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನವರಿಗೆ ಇದರಿಂದೇನು ಎನ್ನುವಿರಾ? ಮಳೆ, ಹೊಳೆಗಳು ಮಣ್ಣಿನ ಅಯೋಡಿನ್ನನ್ನು ಕೊಚ್ಚಿ ಕಡಲಿಗೆ ಒಯ್ಯುತ್ತವೆ. ಅಲ್ಲಿ ಪಾಚಿ ಅದನ್ನು ಹೀರಿ ಕೂಡಿಡುತ್ತದೆ. ಹೊಲದ ಮಣ್ಣಿನಲ್ಲಿ ಕಡಿಮೆಯಾದದ್ದು ಜೋಳದ ಕಾಳಿಗೂ ಬರದು. ಸಜ್ಜೆಯೊಂದನ್ನೇ ಹೆಚ್ಚಾಗಿ ಉಣ್ಣುವವರಿಗಂತೂ ಎಚ್ಚರ ಬೇಕು. ಅದರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಬರುವ ಅಂಶವಿದೆ. ಗರ್ಭಿಣಿಗೆ ಅಯೋಡಿನ್ ತೀರ ಕಡಿಮೆಯಾದರೆ ಹುಟ್ಟುವ ಮಗು ಕಿವುಡಾಗಬಹುದು, ಬುದ್ಧಿ ಬೆಳೆಯದೆ ಹೋಗಬಹುದು.

ಇದಕ್ಕೆ ಸುಲಭದ ಉಪಾಯ ಅಯೋಡಿನ್ ಬೆರೆಸಿದ ಉಪ್ಪು. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಆರಂಭಿಸಿದ ಪ್ರಯೋಗದಿಂದ ಇದು ನಮ್ಮ ದೇಶದಲ್ಲಿ ಸಿದ್ಧವಾಯಿತು.

ಪಾಚಿಯ ಪುಡಿ, ಮಾತ್ರೆಗಳೂ ಈಗ ಮಾರಾಟಕ್ಕಿವೆ. ಅವುಗಳಲ್ಲಿ ಅಯೋಡಿನ್ ಒಂದೇ ಪ್ರಮಾಣದಲ್ಲಿರುವುದಿಲ್ಲ. ಅತಿಯಾದರೂ ಗ್ರಂಥಿ ಕೆಡುತ್ತದೆ. ವೈದ್ಯರನ್ನು ಕೇಳದೆ ತಿನ್ನಬೇಡಿರಿ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೊಗ್ರಾಂ, ಗರ್ಭಿಣಿಗೆ 250 ಮೈಕ್ರೊಗ್ರಾಂ ಅಯೋಡಿನ್ ಸಾಕು. ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿರಿ. ತೇವ, ಬಿಸಿಲು, ಒಲೆಯ ಕಾವು ತಾಗದಿರಲಿ. ಸಾರು ಇಳಿಸುವ ಹೊತ್ತಿಗೆ ಹಾಕಿರಿ. ಕುತ್ತಿಗೆಯಲ್ಲಿ ಬಾವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಇದನ್ನು ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಿರಿ.