ನೊಗಕ್ಕೆ ಮುಂಚಿನ ಮೂರು ವರ್ಷ

ಅಮೆರಿಕದ ನ್ಯೂಜೆರ್ಸಿಯ ಮೆಡೋಲ್ಯಾಂಡ್ಸ್‌ನಲ್ಲಿ ಪ್ರತಿ ಆಗಸ್ಟ್ ತಿಂಗಳು ಹ್ಯಾಂಬಲ್ಟೋನಿಯನ್ ಎಂಬ ಕುದುರೆ ಪಂದ್ಯ ನಡೆಯುತ್ತದೆ. ಈ ಪಂದ್ಯದಲ್ಲಿ ಸವಾರ ಕುದುರೆಯ ಬೆನ್ನೇರುವುದಿಲ್ಲ. ಹಿಂದೆ ಕಟ್ಟಿದ ಎರಡು ಚಕ್ರದ ಹಗುರ ಗಾಡಿಯಲ್ಲಿ ಕುಳಿತು ಓಡಿಸುತ್ತಾನೆ. ಕುದುರೆ ನಾಗಾಲೋಟಕ್ಕೆ ಬಿದ್ದರೆ ತಪ್ಪು, ಒಂದೇ ಹದದ ಹೆಜ್ಜೆಯಲ್ಲಿ ಓಡಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳೂ ಇಂಥ ಪಂದ್ಯಗಳನ್ನು ನೋಡಿರುತ್ತಾರೆ. ಈ ಕುದುರೆಗಳ ವಂಶಾವಳಿ ಪುಸ್ತಕದಲ್ಲಿ ದಾಖಲಾಗಿದೆ. 1849ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೆಂಜ್ ಕೌಂಟಿಯಲ್ಲಿ ಹುಟ್ಟಿದ ಹ್ಯಾಂಬಲ್ಟೋನಿಯನ್ ಎಂಬ ಒಂದೇ ಗಂಡು ಕುದುರೆಯವರೆಗೆ ಅಮೆರಿಕದ ಹೆಚ್ಚುಕಡಿಮೆ ಎಲ್ಲ ಗಾಡಿ ಕುದುರೆಗಳ ಮೂಲವನ್ನು ಹಿಡಿದುಕೊಂಡು ಹೋಗಬಹುದು. ತಂದೆ ಯಾವುದು, ತಾಯಿ ಯಾವುದು, ಸಾಕಿದವರು ಯಾರು, ಪಳಗಿಸಿದವರು ಯಾರು ಎಂಬುದೆಲ್ಲ ಬರಹದಲ್ಲಿದೆ. ಅಂಥ ಕುದುರೆಲಾಯದಲ್ಲಿ ಬಾಳು ಸವೆಸಿದ ಅಜ್ಜಿಯನ್ನು ಅಲ್ಲಿನ ಮೊಮ್ಮಕ್ಕಳು ತಳಿಗಾರ್ತಿ ಎಂದು, ತರಬೇತುದಾರಳು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಚಿತ್ರದುರ್ಗ ಸೀಮೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಮನೆತನಗಳ ಮಕ್ಕಳಿಗೆ ಶಾಲೆಯಲ್ಲಿ ಅಜ್ಜಿಯ ಬಗ್ಗೆ ಬರೆಯಲು ಹೇಳಿದಾಗ ಅವರ ಕೈಗೆ ನಾವು ಕೊಡುವುದು ಒಂದೇ ಮಾತು: ಮನೆಯಲ್ಲೇ ಇದ್ದರು. ಈ ಮಾತು ಸುಳ್ಳು ಎಂಬುದೇ ನನ್ನ ವಾದ. ಎತ್ತು ಸಾಕಿದ ಮನೆಯ ಅಜ್ಜಿ ಮಾಡಿದ್ದು ಆ ಕುದುರೆಲಾಯದ ಅಜ್ಜಿಯ ಕಸುಬನ್ನೇ.

ಮೊದಲು ಆ ಎತ್ತುಗಳ ವಿಷಯ. ಚಿತ್ರದುರ್ಗದ ಸೀಮೆ ಮಳೆ ಕಡಿಮೆಯ ಬಯಲು. ಹಿರಿಯೂರಿನ ಬಳಿ ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟು ಎದ್ದದ್ದೇ 1907ರ ಹೊತ್ತಿಗೆ. ಅದಕ್ಕೂ ಮುಂಚೆ, ಬಹುಪಾಲು ಹಳ್ಳಿಗಳಲ್ಲಿ ಅದರ ನಂತರವೂ, ಬದುಕು ನಿಂತಿದ್ದು ಮಳೆ ಬಿದ್ದ ನಾಲ್ಕು ದಿನದೊಳಗೆ ಹೊಲ ಉತ್ತು ಬಿತ್ತಬಲ್ಲ ಎತ್ತುಗಳ ಮೇಲೆ. ನಿಧಾನದ ಎತ್ತಿಗೆ ಇಲ್ಲಿ ಬೆಲೆಯಿರಲಿಲ್ಲ. ಮೈಸೂರಿನ ಅಮೃತಮಹಲ್ ತಳಿ ಮೂರು ಮೂಲಗಳಿಂದ ಕೂಡಿಬಂದದ್ದು ಎಂದು ಹೇಳುತ್ತಾರೆ: ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಮಂದೆಯನ್ನು ಹೈದರಾಲಿ ಫಿರಂಗಿ ಎಳೆಯುವ ದಂಡಿನ ಮಂದೆಯಾಗಿ ಬೆಳೆಸಿದ. 1779ರಲ್ಲಿ ಪಾಳೆಯಗಾರ ಮದಕರಿ ನಾಯಕನ ಚಿತ್ರದುರ್ಗ ಹೈದರನ ವಶವಾದಾಗ ಅಲ್ಲಿನ ಪಾಳೆಯಗಾರರ ದನವೂ ಆ ಮಂದೆಗೆ ಸೇರಿತು. ಟಿಪ್ಪು ಅದಕ್ಕೆ ಅಮೃತಮಹಲ್ ಎಂಬ ಹೆಸರು ಕೊಟ್ಟು ಇಲಾಖೆಯಾಗಿ ನಡೆಸಿದ. ಈ ಎತ್ತುಗಳನ್ನು ಕಟ್ಟಿಕೊಂಡು ಹೈದರನ ದಂಡು ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿತೆಂದು ಹಳೆಯ ದಾಖಲೆಗಳು ಹೇಳುತ್ತವೆ. 1799ರ ನಂತರ ಮಂದೆ ಬ್ರಿಟಿಷರ ಕೈಸೇರಿತು; 1842ರ ಅಫ್ಘಾನಿಸ್ತಾನದ ಯುದ್ಧದವರೆಗೂ ಈ ಎತ್ತುಗಳು ನಡೆದವು. ಬೆನ್ನು ನೇರ, ಕೋಡು ಉದ್ದ, ಕಾಲು ಸಣ್ಣ, ಗೊರಸು ಗಟ್ಟಿ. ಗಾಡಿ ಎಳೆದು ಓಡಲೆಂದೇ ರೂಪುಗೊಂಡ ದನ ಇದು. ಹಾಗಾಗಿ ಗಾಡಿ ಕುದುರೆಯ ಪಕ್ಕದಲ್ಲಿ ಇದನ್ನು ನಿಲ್ಲಿಸುವುದು ಬಲವಂತದ ಹೋಲಿಕೆಯಲ್ಲ.

ಇಷ್ಟು ಚರಿತ್ರೆಯಲ್ಲಿ ರಾಜರಿದ್ದಾರೆ, ಸೇನಾಪತಿಗಳಿದ್ದಾರೆ, ಅಜ್ಜಿಯಿಲ್ಲ. ಅವಳನ್ನು ಹುಡುಕಬೇಕಾದರೆ ಕರು ಹುಟ್ಟಿದ ದಿನಕ್ಕೆ ಹೋಗಬೇಕು. ಮನುಷ್ಯರ ಮಗುವಿಗೆ ಬಸಿರಿನಲ್ಲೇ ತಾಯಿಯಿಂದ ರೋಗ ತಡೆಯುವ ಶಕ್ತಿ ಹರಿದುಬರುತ್ತದೆ. ಕರುವಿಗೆ ಹಾಗೆ ಬರುವುದಿಲ್ಲ. ಅದಕ್ಕೆ ಆ ಶಕ್ತಿ ಸಿಗುವುದು ಗಿಣ್ಣುಹಾಲಿನಿಂದ ಮಾತ್ರ, ಅದೂ ಹುಟ್ಟಿದ ಮೊದಲ ಒಂದು ದಿನದೊಳಗೆ. ಆಮೇಲೆ ಕರುವಿನ ಕರುಳು ಅದನ್ನು ಹೀರಿಕೊಳ್ಳುವುದನ್ನೇ ನಿಲ್ಲಿಸುತ್ತದೆ. ಮಕ್ಕಳೇ, ನೀವು ಊರಿಗೆ ಹೋದಾಗ ಬಾಯಿ ಚಪ್ಪರಿಸಿ ತಿಂದ ಗಿಣ್ಣು ಅದೇ ಹಾಲಿನದು. ಎಷ್ಟು ಗಿಣ್ಣು ಕರುವಿಗೆ, ಎಷ್ಟು ಮನೆಗೆ, ಎಷ್ಟು ನೆರೆಮನೆಗೆ ಎಂದು ತೀರ್ಮಾನಿಸುತ್ತಿದ್ದವರು ಯಾರು? ಹಾಲು ಕರೆಯುತ್ತಿದ್ದ ಹೆಂಗಸು. ಆ ತೀರ್ಮಾನ ಒಂದು ದಿನಕ್ಕೆ ಮುಗಿಯುವುದೂ ಇಲ್ಲ. ಎಳೆಯುವ ಕೆಲಸಕ್ಕೆಂದು ಬೆಳೆಸಿದ ಈ ತಳಿಗಳ ಹಸು ದಿನಕ್ಕೆ ಎರಡು ಲೀಟರಿನ ಆಸುಪಾಸು ಕೊಟ್ಟರೆ ಹೆಚ್ಚು. ಸರ್ಕಾರಿ ಕಾವಲುಗಳಲ್ಲಿ, ಅಂದರೆ ಮಂದೆಗೆಂದು ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ, ಹಾಲು ಕರೆಯುತ್ತಲೇ ಇರಲಿಲ್ಲ, ಕೆಚ್ಚಲೆಲ್ಲ ಕರುವಿನದೇ. ಬಡ ಒಕ್ಕಲಿನ ಮನೆಗೆ ಆ ಅನುಕೂಲವಿಲ್ಲ. ಮಜ್ಜಿಗೆ ಬೇಕು, ತುಪ್ಪ ಮಾರಿ ಉಪ್ಪು ಎಣ್ಣೆ ತರಬೇಕು, ಮಗುವಿಗೆ ಹಾಲು ಬೇಕು. ಹೋರಿಗರುವಿಗೆ ಒಂದು ಮೊಲೆ ಬಿಡಬೇಕೋ ಎರಡು ಬಿಡಬೇಕೋ ಎಂಬ ಲೆಕ್ಕ ಬೆಳಗ್ಗೆ ಸಂಜೆ, ತಿಂಗಳುಗಟ್ಟಲೆ, ಅವಳ ಬೆರಳಲ್ಲೇ ಆಗುತ್ತಿತ್ತು. ಆಸೆಪಟ್ಟು ಒಂದು ಲೋಟ ಹೆಚ್ಚು ಕರೆದರೆ ಮೂರು ವರ್ಷದ ಮೇಲೆ ಎತ್ತಿನ ಎದೆ ಇಕ್ಕಟ್ಟಾಗುತ್ತದೆ, ಜಾತ್ರೆಯಲ್ಲಿ ಬೆಲೆ ಇಳಿಯುತ್ತದೆ. ತಳಿ ಸಾಕಣೆಯೆಂದರೆ ಬೀಜದ ಹೋರಿ ಆರಿಸುವುದಷ್ಟೇ ಎಂದು ತಿಳಿದವರು ಈ ಲೆಕ್ಕವನ್ನು ಕಾಣುವುದಿಲ್ಲ. ವಂಶ ಎಷ್ಟೇ ಒಳ್ಳೆಯದಿರಲಿ, ಮೊದಲ ವರ್ಷ ಹಸಿದ ಕರು ಒಳ್ಳೆಯ ಎತ್ತಾಗುವುದಿಲ್ಲ.

ಪಳಗಿಸುವ ಕೆಲಸದಲ್ಲೂ ಇದೇ ಕಥೆ. ಅಮೃತಮಹಲ್ ದನ ಒರಟು, ಹೊಸಬರನ್ನು ಹತ್ತಿರ ಸೇರಿಸುವುದಿಲ್ಲ ಎಂದು ಅದನ್ನು ನೋಡಿಕೊಂಡ ಅಧಿಕಾರಿಗಳೆಲ್ಲ ಬರೆದಿದ್ದಾರೆ. ಅದು ತಳಿಯ ಗುಣವೆಂದು ಬರೆದರೂ ಅದರಲ್ಲಿ ಸಾಕಣೆಯ ಪಾಲು ದೊಡ್ಡದು: ಬಯಲು ಕಾವಲಿನಲ್ಲಿ ಮನುಷ್ಯರ ಕೈ ಸೋಕದೆ ಬೆಳೆದ ಹೋರಿಗಳನ್ನು ಹಿಡಿದು, ಹಗ್ಗ ಬಿಗಿದು, ಗಟ್ಟಿ ಕಂಬಕ್ಕೆ ಕಟ್ಟಿ, ಪಳಗಿದ ಎತ್ತಿನ ಜೋಡಿ ಹೂಡಿ ದಾರಿಗೆ ತರಬೇಕಾಗುತ್ತಿತ್ತು. ಎತ್ತು ಪೂರ್ಣ ಬಲಕ್ಕೆ ಬರುವುದು ಏಳನೆಯ ವರ್ಷಕ್ಕೆ, ಹನ್ನೆರಡು ದಾಟಿದರೆ ಕಸುವು ಇಳಿಯುತ್ತದೆ ಎಂಬ ಲೆಕ್ಕವೂ ಆ ದಾಖಲೆಗಳಲ್ಲಿದೆ. ಇಂದಿಗೂ ಹೊಸದುರ್ಗದ ಪಕ್ಕದ ಅಜ್ಜಂಪುರದ ಅಮೃತಮಹಲ್ ಕೇಂದ್ರದಲ್ಲಿ ಹೋರಿಗರುಗಳ ಹರಾಜು ನಡೆದಾಗ, ಕೊಂಡ ರೈತರು ಹೆದರಿ ಒದರಾಡುವ ಕರುಗಳನ್ನು ಹಗ್ಗ ಹಿಡಿದು ಎಳೆದುಕೊಂಡೇ ಹೋಗುತ್ತಾರೆ. ಕೊಟ್ಟಿಗೆಯಲ್ಲಿ ಹುಟ್ಟಿದ ಕರುವಿಗೆ ಈ ಯುದ್ಧ ಬೇಕಿಲ್ಲ. ಕೊರಳಿಗೆ ಕಣ್ಣಿ ಹಾಕಿಸಿಕೊಳ್ಳುವುದು, ಹೆಸರು ಕೂಗಿದರೆ ತಿರುಗುವುದು, ಮೈ ತಿಕ್ಕಿದರೆ ನಿಲ್ಲುವುದು, ಹಿಂದಿನಿಂದ ಬಂದವರಿಗೆ ಒದೆಯದಿರುವುದು, ಗೋದಲಿಯಲ್ಲಿ ಇನ್ನೊಂದು ದನದ ಪಕ್ಕ ಸುಮ್ಮನೆ ಮೇಯುವುದು, ಇದೆಲ್ಲ ಅದಕ್ಕೆ ಸಗಣಿ ಬಾಚುವ, ಕಲಗಚ್ಚು ಇಡುವ, ಹುರುಳಿ ಬೇಯಿಸಿ ಹಾಕುವ ಕೈಯಿಂದಲೇ ಬಂದಿರುತ್ತದೆ. ಎರಡು ಹಲ್ಲು ಹಾಕುವ ಹೊತ್ತಿಗೆ, ಅಂದರೆ ಎರಡೂವರೆ ಮೂರು ವರ್ಷಕ್ಕೆ, ಗಂಡಸು ಅದರ ಹೆಗಲಿಗೆ ನೊಗ ಇಡುತ್ತಾನೆ. ಎತ್ತು ಪಳಗಿತು ಎಂಬ ಹೆಸರು ಅವನಿಗೆ ಬರುತ್ತದೆ. ಅವನು ಕಲಿಸುವುದು ಕಡೆಯ ಪಾಠ. ಮನುಷ್ಯರನ್ನು ನಂಬಬಹುದು ಎಂಬ ಮೊದಲ ಪಾಠ ಆಗಲೇ ಮುಗಿದಿರುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದುವಲ್ಲ. ಹೋರಿ ಆರಿಸಿದವರು, ಸುಳಿ ನೋಡಿದವರು, ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸಿದವರು, ಗಾಡಿ ಓಡಿಸಿದವರು ಗಂಡಸರೇ ಅಲ್ಲವೆ? ಹೌದು, ಅವರ ಪಾಲನ್ನು ಕಿತ್ತು ಅಜ್ಜಿಗೆ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಇನ್ನೂ ಮುಂದಕ್ಕೆ ಹೋಗಿ ಒಪ್ಪಬೇಕಾದದ್ದಿದೆ. ಚಳ್ಳಕೆರೆ, ಹಿರಿಯೂರು ಕಡೆಯ ಮ್ಯಾಸನಾಯಕ ಸಮುದಾಯದ ದೇವರ ಎತ್ತುಗಳನ್ನು ಕಾಯುವ ಕಿಲಾರಿ ಗಂಡಸೇ. ಆ ಮಂದೆಯ ಬಳಿಗೆ ಹೆಂಗಸರು ಹೋಗಕೂಡದೆಂಬ ಕಟ್ಟಳೆಗಳಿವೆ. ಕಾಡುಗೊಲ್ಲ ಸಮುದಾಯದ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ನಡೆದುಬಂದಿದೆ. ಅದರಿಂದ ತಾಯಂದಿರೂ ಕೂಸುಗಳೂ ನರಳಿದ್ದಾರೆ. ಪರಂಪರೆಯನ್ನು ಮಕ್ಕಳಿಗೆ ಹೇಳುವಾಗ ಇದನ್ನು ಮುಚ್ಚಿಟ್ಟು ಹೇಳುವುದು ತಪ್ಪು. ಆದರೆ ಈ ಕಟ್ಟಳೆಗಳಿಂದ ನನ್ನ ವಾದ ಬೀಳುವುದಿಲ್ಲ. ದೇವರ ಮಂದೆ ಒಂದು ಕಡೆ, ಮನೆಮನೆಯ ಉಳುವ ಎತ್ತು ಇನ್ನೊಂದು ಕಡೆ. ಎರಡನೆಯದರ ಕೊಟ್ಟಿಗೆಯಲ್ಲಿ ಹೆಂಗಸಿನ ಕೈಯಿಲ್ಲದೆ ಒಂದು ದಿನವೂ ನಡೆಯುತ್ತಿರಲಿಲ್ಲ. ಕೊಟ್ಟಿಗೆಯ ಕೆಲಸ ಪೂರ್ತಿ ಅವಳದು, ಜಾತ್ರೆಯ ಮಾತು ಪೂರ್ತಿ ಅವನದು ಎಂಬ ಹಂಚಿಕೆಯಿಂದಾಗಿಯೇ ಅವಳ ಹೆಸರು ಕಸುಬಿಗೆ ಅಂಟಲಿಲ್ಲ.

ಸಂಬಳವಿಲ್ಲದ ದುಡಿಮೆಯನ್ನು ವೃತ್ತಿ ಎನ್ನಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಸಾಕಿದ ಜೋಡಿಯನ್ನು ಮಾರಿ ಬಂದ ಹಣ ಬಯಲುಸೀಮೆಯ ಎಷ್ಟೋ ಮನೆಗಳಿಗೆ ವರ್ಷದ ದೊಡ್ಡ ಗಂಟು; ಮದುವೆ, ಬಾವಿ, ಮಗನ ಓದು ಅದರಿಂದಲೇ ನಡೆದಿವೆ. ಆ ಮಗನ ಮಕ್ಕಳು ಇಂದು ಈ ಸಂಚಿಕೆ ಓದುತ್ತಿರಬಹುದು. ದೊಡ್ಡ ಚರಿತ್ರೆಯಲ್ಲೂ ಇದಕ್ಕೆ ಸಾಕ್ಷಿಯಿದೆ. 1860ರಲ್ಲಿ ಸರ್ಕಾರ ಖರ್ಚು ಉಳಿಸಲೆಂದು ಅಮೃತಮಹಲ್ ಮಂದೆಯನ್ನು ಮಾರಿ ಮುಗಿಸಿತು. ಕೆಲವೇ ವರ್ಷಗಳಲ್ಲಿ ತಪ್ಪು ತಿಳಿದು 1866ರಲ್ಲಿ ಮತ್ತೆ ಕಟ್ಟಲು ಹೊರಟಿತು. ಮಾರಿ ಮುಗಿಸಿದ್ದನ್ನು ಮತ್ತೆ ಕಟ್ಟಲು ಸಾಧ್ಯವಾಯಿತೆಂದರೆ, ನಡುವಿನ ಆ ವರ್ಷಗಳಲ್ಲಿ ತಳಿ ಸರ್ಕಾರದ ಹೊರಗೆ, ಕೊಂಡವರ ಕೊಟ್ಟಿಗೆಗಳಲ್ಲಿ ಉಳಿದಿತ್ತೆಂದೇ ಅರ್ಥ.

ದಾಖಲೆ ಎಲ್ಲಿದೆ ಎಂದು ಕೇಳುವವರಿಗೆ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ತೋರಿಸಬೇಕು. ಕಾಡುಗೊಲ್ಲರ ಈ ಅಜ್ಜಿ ಓದು ಬರಹ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂಬ ಪುಸ್ತಕ ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೆ ನಾಡೋಜ ಗೌರವ ಕೊಟ್ಟಿತು. ಅದೇ ಕಾಡುಗೊಲ್ಲರ ವೀರ ಜುಂಜಪ್ಪ ದನ ಕಾದವನು. ಅವನ ಕಾವ್ಯದಲ್ಲಿ ಬಡಮೈಲ ಎಂಬ ಹೋರಿಗೆ ಮನುಷ್ಯರಷ್ಟೇ ದೊಡ್ಡ ಜಾಗವಿದೆ. ಹ್ಯಾಂಬಲ್ಟೋನಿಯನ್ ಹೆಸರು ವಂಶಾವಳಿಯ ಪುಸ್ತಕದಲ್ಲಿ ಉಳಿದರೆ ಬಡಮೈಲನ ಹೆಸರು ಬಾಯಿಂದ ಬಾಯಿಗೆ ಹಾಡಾಗಿ ಉಳಿಯಿತು. ದನದ ಬಗೆಗಿನ ತಿಳಿವಳಿಕೆಯನ್ನು ಬರೆದಿಡದ ಸಮಾಜ ಅದನ್ನು ಮರೆತ ಸಮಾಜವೆಂದಲ್ಲ. ಚಿತ್ರದುರ್ಗದ ಓಬವ್ವನ ವೇಷ ಹಾಕದ ಕನ್ನಡ ಕೂಟವಿಲ್ಲ; ಒಂದು ಒನಕೆಯಿಂದ ಕೋಟೆ ಕಾದವಳೆಂದು ನಮಗೆಲ್ಲ ಗೊತ್ತು. ಅದೇ ಸೀಮೆಯ ಕೊಟ್ಟಿಗೆಗಳಲ್ಲಿ ಒಂದು ತಳಿಯನ್ನೇ ಕಾದವರಿಗೂ ನಮ್ಮ ವೇದಿಕೆಯಲ್ಲಿ ಜಾಗ ಬೇಕು.

ಹೊರನಾಡಿನಲ್ಲಿ ಬೆಳೆದ ಮಕ್ಕಳು ಕೇಳುವ ಪ್ರಶ್ನೆ ಬೇರೆ: ಎತ್ತನ್ನು ಪಂದ್ಯದಲ್ಲಿ ಓಡಿಸುವುದು ಹಿಂಸೆಯಲ್ಲವೇ? ಕೇಳಲೇಬೇಕಾದ ಪ್ರಶ್ನೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿದ್ದು ಬಾಲ ತಿರುಚುವ, ಮೊಳೆ ಚುಚ್ಚುವ ಕ್ರೌರ್ಯ ನಿಜವಾಗಿಯೂ ಇದ್ದುದರಿಂದ. ಕರ್ನಾಟಕ 2017ರಲ್ಲಿ ಕಾನೂನು ತಿದ್ದಿ ಕಂಬಳ, ಎತ್ತಿನ ಗಾಡಿ ಓಟಗಳಿಗೆ ನಿಬಂಧನೆಗಳೊಂದಿಗೆ ದಾರಿ ಮಾಡಿತು. 2023ರ ಮೇ 18ರಂದು ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಿಬಂಧನೆ ಮುರಿದವರನ್ನು ಶಿಕ್ಷಿಸಬೇಕು ಎಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಚುಚ್ಚಿ ಓಡಿಸಬೇಕಾದ ಎತ್ತು ಸರಿಯಾಗಿ ಪಳಗದ ಎತ್ತು. ಅಜ್ಜಿಯ ಕಸುಬನ್ನು ಕ್ರೌರ್ಯದ ಪಾಲಿಗೆ ಸೇರಿಸುವುದು ಅನ್ಯಾಯ.

ಈ ಕಸುಬು ಈಗ ವೇಗವಾಗಿ ಕರಗುತ್ತಿದೆ. ಟ್ರ್ಯಾಕ್ಟರ್ ಬಂದು ಉಳುವ ಎತ್ತು ಕಡಿಮೆಯಾಯಿತು, ಹಾಲಿನ ಡೇರಿಗೆ ಮಿಶ್ರತಳಿ ಹಸು ಬಂತು. ಲಕ್ಷಗಟ್ಟಲೆ ಎಕರೆಯಿದ್ದ ಅಮೃತಮಹಲ್ ಕಾವಲುಗಳು ಒತ್ತುವರಿಗೂ ಬೇರೆ ಉದ್ದೇಶಗಳಿಗೂ ಹೋಗಿ ಸಣ್ಣ ಪಾಲು ಉಳಿದಿದೆ. ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಕಾವಲನ್ನು ಕಾನೂನಿನಿಂದ ಉಳಿಸಬಹುದು; ಅಜ್ಜಿಯ ತಿಳಿವಳಿಕೆಯನ್ನು ಅವಳ ಬಾಯಿಂದ ಕೇಳಿದರೆ ಮಾತ್ರ ಉಳಿಸಲು ಸಾಧ್ಯ. ಆದ್ದರಿಂದ ಮಕ್ಕಳೇ, ಈ ವಾರ ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ ಅಜ್ಜಿ ಎಂದು ಕೇಳಿ ನಿಲ್ಲಿಸಬೇಡಿ. ಕೊಟ್ಟಿಗೆಯಲ್ಲಿ ಎಷ್ಟು ದನ ಇದ್ದವು, ಅವಕ್ಕೆ ಏನೇನು ಹೆಸರಿಟ್ಟಿದ್ದಿರಿ, ಯಾವ ಹಸುವಿನ ಹೊಟ್ಟೆಯ ಕರು ಚೆನ್ನಾಗಿ ಎತ್ತಾಯಿತು, ಕರುವಿಗೆ ಎಷ್ಟು ದಿನ ಹಾಲು ಬಿಟ್ಟಿರಿ, ಕರು ಕಾಯಿಲೆ ಬಿದ್ದರೆ ಏನು ಕುಡಿಸಿದಿರಿ, ಬರಗಾಲದಲ್ಲಿ ಯಾವುದನ್ನು ಉಳಿಸಿಕೊಂಡು ಯಾವುದನ್ನು ಮಾರಿದಿರಿ ಎಂದು ಕೇಳಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ನಮ್ಮ ಕನ್ನಡ ಕೂಟಕ್ಕೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅಜ್ಜಿಯ ಹೆಸರಿನ ಜೊತೆಗೆ ಆ ದನಗಳ ಹೆಸರನ್ನೂ ಅಚ್ಚು ಮಾಡೋಣ.